ದೆವ್ವದ ಗಲ್ಲಿಯಲ್ಲಿ ನೆನೆದ ಬಟ್ಟೆ

ಆ ದಿನದ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಉಕ್ಕಿಸಿ ಒಲೆ ಒರೆಸಿದೆ, ಯಜಮಾನರನ್ನು ಹನೂರಿನ ಬಸ್ಸಿಗೂ ಮಗಳು ಸುಷ್ಮಾಳನ್ನು ಕಾಲೇಜಿಗೂ ಅಟ್ಟಿದೆ. ಇಷ್ಟಾದ ಮೇಲೆ ಕೊಳ್ಳೇಗಾಲದ ಮರ್ಯಾದಸ್ಥ ಗೃಹಿಣಿಯರು ಹುರುಳಿಕಾಳು ಆರಿಸಲು ಕೂರುತ್ತಾರೆ. ನಾನು ಬಾಗಿಲ ಚಿಲಕ ಹಾಕಿ, ಕಿಟಕಿಯ ಪರದೆ ಎಳೆದು, ಕಂಪ್ಯೂಟರಿನ ಮುಂದೆ ದೆವ್ವ ನೋಡಲು ಕೂತೆ.

ಇದಕ್ಕೆಲ್ಲ ಕಾರಣ ನನ್ನ ಬಾಯಿ. ಸುಷ್ಮಾ ಗೆಳತಿಯಿಂದ ಒಂದು ಆಟದ ಸಿ.ಡಿ. ತಂದಿದ್ದಳು. ಎಂದೋ ಬರಲಿರುವ ಕಾಲದ ಊರು. ಮುಗಿಲೆತ್ತರದ ಕಟ್ಟಡಗಳು, ಮಿನುಗುವ ಬಣ್ಣದ ಬೋರ್ಡುಗಳು, ನಿಲ್ಲದ ಮಳೆ, ಅರ್ಧ ಯಂತ್ರವಾಗಿಹೋದ ಮನುಷ್ಯರು. ಅಲ್ಲೊಬ್ಬ ಹುಡುಗಿ ಕತ್ತಲ ಗಲ್ಲಿಯೊಂದರಲ್ಲಿ ಎಡದಿಂದ ಬಲಕ್ಕೆ ನಡೆಯುತ್ತಲೇ ಇರಬೇಕು. ತಲೆಯ ಜಾಗದಲ್ಲಿ ವೈರುಗಳ ಗಂಟಿರುವ ದೆವ್ವವೊಂದು ಹಿಂದಿನಿಂದ ಬರುತ್ತದೆ. ಪಿ.ಯು. ಪರೀಕ್ಷೆ ಎದುರಿಗಿರುವಾಗ ನಮ್ಮ ಹುಡುಗಿ ಇದನ್ನು ಆಡುವುದು, ಕತ್ತಲಾದರೆ ಹಿತ್ತಲ ಬಚ್ಚಲಿಗೆ ಹೋಗಲು ನನ್ನ ಸೆರಗು ಹಿಡಿಯುವುದು.

"ಗೊಂಬೆಗೆಲ್ಲ ಹೆದರ್ತಾರೇನೇ?" ಹಿಂದಿನ ರಾತ್ರಿ ಅಂದುಬಿಟ್ಟಿದ್ದೆ.

"ಹಂಗಾದ್ರೆ ಆ ಗಲ್ಲೀನ ಕಿರುಚದೆ ದಾಟು ನೋಡನ. ದಾಟಿದ್ರೆ ಪರೀಕ್ಷೆ ಮುಗಿಯೋಗಂಟ ನಾನು ಸಿ.ಡಿ. ಮುಟ್ಟಲ್ಲ. ಕಿರುಚಿದ್ಯೋ, ಆಮೇಲೆ ನೀನು ಉಸಿರೆತ್ತಂಗಿಲ್ಲ."

"ಕಿರುಚಿದ್ನೋ ಇಲ್ವೋ, ನಿಂಗೆ ಹೆಂಗೆ ಗೊತ್ತಾಗುತ್ತೆ?"

"ನೀನು ಕಾನ್ವೆಂಟಲ್ಲಿ ಓದಿದೋಳು. ಸುಳ್ಳು ಹೇಳಲ್ಲ ಬಿಡಮ್ಮ."

ನಿಜ. ಸಿಸ್ಟರುಗಳು ನಮಗೆ ಎರಡು ವಿಷಯ ಚೆನ್ನಾಗಿ ಕಲಿಸಿದ್ದರು: ಹೆಣ್ಣುಮಕ್ಕಳು ದನಿ ಎತ್ತಬಾರದು, ಸುಳ್ಳಾಡಬಾರದು. ಮೊದಲನೆಯದು ಕೆಟ್ಟರೆ ಎರಡನೆಯದನ್ನು ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಆ ಬೆಳಿಗ್ಗೆ ಗಲ್ಲಿಯಲ್ಲಿ ಧೈರ್ಯವಾಗಿಯೇ ನಡೆದೆ. ಆ ಊರಿನಲ್ಲಿ ಒಂದು ಮನೆಗೂ ಹೊಸ್ತಿಲಿರಲಿಲ್ಲ, ಎಲ್ಲಿಯೂ ಒಲೆ ಹೊತ್ತಿದ ಗುರುತಿರಲಿಲ್ಲ. ಹೋಗಲಿ, ಮುಂದಿನ ಕಾಲದವರು, ಮಾತ್ರೆ ನುಂಗಿ ಬದುಕುತ್ತಾರೇನೋ ಎಂದುಕೊಂಡೆ. ಆದರೆ ಗಲ್ಲಿಯ ನಡುವೆ, ಎರಡು ಕಿಟಕಿಗಳಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ! ಎರಡು ಅಂಗಿ, ಒಂದು ಪುಟ್ಟ ಮಗುವಿನ ಫ್ರಾಕು, ಆ ಮಳೆಯಲ್ಲಿ ತೊಪ್ಪೆಯಾಗಿ ನೇತಾಡುತ್ತಿದ್ದವು. ಯಾವ ತಾಯಿ ಹೀಗೆ ಬಿಟ್ಟುಹೋದಳೋ ಎಂದು ಕರುಳು ಚುರುಕ್ಕೆಂದಿತು. ಹುಡುಗಿಯನ್ನು ಹಗ್ಗದ ಕೆಳಗೆ ನಿಲ್ಲಿಸಿ ಕೀಲಿಮಣೆಯ ಗುಂಡಿಗಳನ್ನೆಲ್ಲ ಒತ್ತಿದೆ. ಅವಳು ಹಾರಿದಳು, ಬಗ್ಗಿದಳು, ಬ್ಯಾಟರಿ ಹತ್ತಿಸಿದಳು. ಬಟ್ಟೆ ಮಾತ್ರ ತೆಗೆಯಲಿಲ್ಲ. ಫ್ರಾಕನ್ನಾದರೂ ಎಳೆದುಕೊಳ್ಳಲಿ ಎಂದು ನಾನು ಹೆಣಗುತ್ತಿರುವಾಗಲೇ ಹಿಂದಿನಿಂದ ವೈರುಗಳು ಸರ್ರನೆ ಬಂದು ಅವಳ ಕುತ್ತಿಗೆಗೆ ಸುತ್ತಿಕೊಂಡವು.

ಏನೇನು ಕೂಗಿದೆನೋ ಗೊತ್ತಿಲ್ಲ. ಬೆಟ್ಟದ ಮಾದಪ್ಪನನ್ನೂ ಕಾನ್ವೆಂಟಿನ ಮರಿಯಮ್ಮನನ್ನೂ ಒಂದೇ ಉಸಿರಿನಲ್ಲಿ ಕರೆದದ್ದಷ್ಟೇ ನೆನಪು.

ಎರಡನೆಯ ಸಲ ಸೆರಗನ್ನು ಬಾಯಿಗೆ ತುರುಕಿಕೊಂಡು, ಹಗ್ಗದ ಕಡೆ ನೋಡದೆ, ಓಡಿ ದಾಟಿದೆ. ಕಿರುಚಲಿಲ್ಲ. ಸಂಜೆ ಮಗಳಿಗೆ ಈ ಎರಡನೆಯ ಸಲದ್ದನ್ನು ಮಾತ್ರ ಹೇಳಿದೆ. ಸುಳ್ಳಂತೂ ಅಲ್ಲವಲ್ಲ.

"ನಿಜವಾಗ್ಲೂ? ನೀನು?" ಎನ್ನುತ್ತ ಸುಷ್ಮಾ ಮುಖ ಸಣ್ಣದು ಮಾಡಿಕೊಂಡು ಸಿ.ಡಿ. ತಂದಳು. ನಾನು ಗೆದ್ದವರಿಗೆ ಒಪ್ಪುವ ಗಾಂಭೀರ್ಯದಿಂದ ಕೈ ಚಾಚಿದೆ. ಅಷ್ಟರಲ್ಲಿ ಪಕ್ಕದ ಮನೆಯ ನಾಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಒಳಗೆ ಬಂದರು.

"ಅಲ್ಲಾ ಕಣ್ರವ್ವಾ," ಎಂದರು, ಲೋಟವನ್ನು ನನ್ನ ಚಾಚಿದ ಕೈಗೇ ಇಡುತ್ತಾ. "ಬೆಳಿಗ್ಗೆ 'ಬಟ್ಟೆ ಆಳಾಗೋಗ್ಲಿ, ಓಡು ಮಗಾ, ಓಡು' ಅಂತ ಬೀದಿಗೆಲ್ಲಾ ಕೇಳಂಗೆ ಬಡ್ಕತಿದ್ರಲ್ಲಾ, ಪಾಪ, ಆ ಮಗ ತಪ್ಪುಸ್ಕತಾ?"