ಆರನೆಯ ಬಟ್ಟಲಿನ ಮೊಸರು

ಕದ್ದು ತಿನ್ನುವವರು ಎಲ್ಲರ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಆದರೆ ಹೆಂಡತಿಯ ಎಂ.ಎಸ್ಸಿ. ಪ್ರಾಜೆಕ್ಟನ್ನೇ ಅನ್ನಕ್ಕೆ ಕಲಸಿಕೊಂಡು ಉಂಡ ಗಂಡ ದಿಲ್ಲಿಯ ಇಡೀ ದ್ವಾರಕಾ ಬಡಾವಣೆಯಲ್ಲಿ ನಮ್ಮ ಮನೆಯವರೊಬ್ಬರೇ ಇರಬೇಕು. ಅವರು ರಿಟೈರ್ಡ್ ಕರ್ನಲ್ ಬೇರೆ.

ನನಗೆ ಅರವತ್ತೇಳು. ಈ ವಯಸ್ಸಿನಲ್ಲಿ ಬಯೋಮ್ಯಾಥಮ್ಯಾಟಿಕ್ಸ್, ಅಂದರೆ ಜೀವಿಗಳ ಹುಟ್ಟು ಬೆಳವಣಿಗೆಯನ್ನು ಗಣಿತದಲ್ಲಿ ಹಿಡಿಯುವ ವಿದ್ಯೆ, ನಿಮಗೆ ಯಾಕೆ ಬೇಕಿತ್ತು ಎಂದು ಕೇಳದವರಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನ ಆಲ್ಜೀಬ್ರಾ ನೋಡಿ "ಲವ್ಲಿ, ಮೈ ಚೈಲ್ಡ್" ಎಂದವರೇ ಮರುಕ್ಷಣ ಕೈಗೆ ಕಸೂತಿಯ ಬಟ್ಟೆ ಕೊಟ್ಟಿದ್ದರು. ಬಿ.ಎಸ್ಸಿ. ಮುಗಿಯುತ್ತಲೇ ಮದುವೆ, ಆಮೇಲೆ ಕಂಟೋನ್ಮೆಂಟಿನಿಂದ ಕಂಟೋನ್ಮೆಂಟಿಗೆ ಟ್ರಂಕು ಹೊತ್ತು ತಿರುಗಿದ್ದೇ ಬಂತು. ಆ ಆಲ್ಜೀಬ್ರಾ ಟ್ರಂಕಿನ ತಳದಲ್ಲಿ ಸುಕ್ಕಾಗದೆ ಹಾಗೇ ಉಳಿದಿತ್ತು.

ನನ್ನ ಪ್ರಾಜೆಕ್ಟು, ದಿಲ್ಲಿಯ ಜನವರಿ ಚಳಿಯಲ್ಲಿ ಮೊಸರಿನ ಬ್ಯಾಕ್ಟೀರಿಯಾ ಬೆಳೆಯುವ ವೇಗ. ಬೆಳಿಗ್ಗೆ ಎಂಟಕ್ಕೆ ಹತ್ತು ಬಟ್ಟಲಿಗೂ ಹಾಲನ್ನು ಸಮನಾಗಿ ತೂಗಿ ಹಾಕಿ, ಹೆಪ್ಪು ಬೆರೆಸಿ, ಹೀಟರಿನ ಪಕ್ಕ ಕಂಬಳಿ ಹೊದಿಸಿಟ್ಟೆ. ಗಂಟೆಗೊಂದು ಬಟ್ಟಲು ತೆರೆದು, ಹುಳಿಯನ್ನು ಮೀಟರಿನಲ್ಲಿ ಅಳೆದು, ಫ್ರಿಜ್ಜಿನಲ್ಲಿಡುವುದು. ಮಧ್ಯಾಹ್ನ ಎರಡಕ್ಕೆ ಬಂದು ನೋಡಿದರೆ ಆರನೆಯದು ಖಾಲಿ!

"ರೀ, ಆರನೇ ಬಟ್ಟಲು ಏನಾಯ್ತು?"

"ಯಾವ ಬಟ್ಟಲು?"

"ನಿಮ್ಮ ಮೀಸೆ ಮೇಲಿದೆಯಲ್ಲ, ಅದು."

"ಓ, ಅದಾ? ಗಟ್ಟಿಯಾಗಿ ಹೆಪ್ಪಾಗಿತ್ತು ಕಣೇ. ಎಕ್ಸ್‌ಪೆರಿಮೆಂಟ್ ಸಕ್ಸೆಸ್ ಅಂದುಕೊಂಡೆ."

"ಅದು ನನ್ನ ಡೇಟಾ!"

"ಡೇಟಾಗೆ ಸ್ವಲ್ಪ ಉಪ್ಪು ಕಮ್ಮಿ ಇತ್ತು."

ಅಳು ಬಂತು. ಸೋಮವಾರ ಪ್ರಾಜೆಕ್ಟು ಒಪ್ಪಿಸದಿದ್ದರೆ ಡಿಗ್ರಿ ಇನ್ನೊಂದು ವರ್ಷ ಮುಂದಕ್ಕೆ. ಮುಂದಿನ ವರ್ಷ ನೋಡೋಣ ಎಂದು ಸಲೀಸಾಗಿ ಹೇಳುವ ವಯಸ್ಸೇ ನನ್ನದು? ಉಳಿದ ಬಟ್ಟಲುಗಳನ್ನು ಅಳೆದು ಮುಗಿಸಿ, ಮರುದಿನ ನನ್ನ ಗೈಡಿನ ಮುಂದೆ ನಿಂತೆ. ಅವಳು ನನ್ನ ಮಗಳಿಗಿಂತ ಚಿಕ್ಕವಳು.

"ಮ್ಯಾಡಮ್, ಮೈ ಹಸ್ಬೆಂಡ್ ಏಟ್ ಇಟ್," ಎಂದೆ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಅರೇ ಆಂಟೀಜೀ, ತೋ ಮಾಡೆಲ್ ಮೇ ಪ್ರೆಡೇಟರ್ ಡಾಲಿಯೇ!" ಬೆಳೆಯುವ ಜೀವಿ ಇದ್ದ ಕಡೆ ಅದನ್ನು ತಿನ್ನುವ ಜೀವಿಯೂ, ಅಂದರೆ ಪ್ರೆಡೇಟರೂ, ಇರುತ್ತದಂತೆ, ಅದನ್ನೂ ಸಮೀಕರಣಕ್ಕೆ ಸೇರಿಸಿದರೆ ಪ್ರಾಜೆಕ್ಟು ಇನ್ನೂ ಚೆನ್ನಾಗುತ್ತದಂತೆ. ಒಂದನ್ನು ತಿಂದವರು ಮಿಕ್ಕವಕ್ಕೂ ಬಾಯಿ ಹಾಕಿರಬಹುದು, ಎಷ್ಟು ಕಡಿಮೆಯಾಗಿದೆಯೋ ತೂಗಿ ಬನ್ನಿ ಎಂದಳು.

ಗುಡ್ ಗ್ರೇಷಸ್, ಗಾಳಿಯಲ್ಲಿ ತೇಲುತ್ತಾ ಮೆಟ್ರೋ ಹತ್ತಿದೆ. ಮನೆಗೆ ಬಂದು ತೂಗಿದರೆ ಒಂಬತ್ತು ಬಟ್ಟಲುಗಳಲ್ಲೂ ಎರಡೆರಡು ಚಮಚ ಕಡಿಮೆ!

"ನಿಜ ಹೇಳಿ, ಇವನ್ನೂ ನೀವೇ ತಾನೆ?"

"ಸೈನ್ಯದ ಆಣೆಗೂ ನಾನು ಮುಟ್ಟಿದ್ದು ಒಂದೇ. ಗಂಟೆಗೊಮ್ಮೆ ಚಮಚ ಹಿಡಿದು, ಹುಳಿ ಬಂತಾ ನೋಡ್ತೀನಿ ಅಂತ ಚಪ್ಪರಿಸ್ತಿದ್ದವರು ಯಾರಮ್ಮ?"

ಮೀಟರು ಕೈಯಲ್ಲಿದ್ದರೂ ನಾಲಿಗೆಯನ್ನೇ ನಂಬಿದ್ದೆ. ಹದಿನೆಂಟು ಚಮಚ, ಒಟ್ಟು ತೂಕ ಅವರು ಉಂಡ ಬಟ್ಟಲಿಗಿಂತ ಹೆಚ್ಚು! ಪ್ರಾಜೆಕ್ಟು ಸೋಮವಾರವೇ ಒಪ್ಪಿಸಿದೆ, ಎ ಗ್ರೇಡ್ ಬಂತು. ಅದರಲ್ಲಿ ತಿಂದ ತೂಕದ ಪ್ರಕಾರ ಬರೆದ ಪ್ರೆಡೇಟರುಗಳ ಪಟ್ಟಿಯಲ್ಲಿ ಒಂದನೆಯ ಹೆಸರು ಯಾರದೆಂದು ಕರ್ನಲ್ ಸಾಹೇಬರು ಮನೆಗೆ ಬಂದವರಿಗೆಲ್ಲ ಪುಟ ತೆರೆದೇ ತೋರಿಸುತ್ತಿದ್ದಾರೆ.