ಬೀಳುವ ಲೆಕ್ಕದ ಕಾರ್ಡು

ನಾನು ಹಿತ್ತಲಲ್ಲಿ ಕೂತು ಒರಳಿನ ಗುಂಡುಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಪಕ್ಕದಲ್ಲಿ ಅಣ್ಣನ ಹೆಂಡತಿ ನೀಲಾ ವೈನಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಕಲ್ಲು ತೊಳೆದೆ, ಒರೆಸಿದೆ, ಬಿಸಿಲಿಗಿಟ್ಟೆ.

ಅಂದು ಮಧ್ಯಾಹ್ನ ವೈನಿಯ ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದೆವು. ನಮ್ಮ ಮನೆಗಳಲ್ಲಿ ಮೊದಲು ಈ ಗುಂಡುಕಲ್ಲಿಗೆ, ಕೂಸಿನ ತಲೆ-ಮೈ ಮುಚ್ಚುವಂಥ ಕುಂಚಿಗೆ ತೊಡಿಸುತ್ತಾರೆ. ಅದನ್ನು ಗುಂಡಪ್ಪ ಎಂದು ಕರೆದು, ಕೂಸಿನ ಜೊತೆಗೇ ತೊಟ್ಟಿಲ ಮೇಲೆ ಕೆಳಗೆ ದಾಟಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆಮೇಲೆ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಸೋದರತ್ತೆ ಅಂದರೆ ನಾನು! ಬೆಳಗಿನಿಂದ ನನಗೆ ಅದೇ ಚಿಂತೆ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ದನಿಯೇ ಹೊರಡುತ್ತಿರಲಿಲ್ಲ. ಏಳನೆಯದಕ್ಕೆ ಶಾಲೆ ಬಿಟ್ಟಿದ್ದೂ ಅದಕ್ಕೇ.

"ದಾಕ್ಷೀ! ಅವ್ವಾ! ಎಲ್ಲಾರೂ ಪಡಸಾಲಿಗೆ ಬರ್ರಿ!" ಎಂದು ಅಣ್ಣ ಕೂಗಿದ.

ವೈನಿ ಹಿಂಡುತ್ತಿದ್ದ ಬಟ್ಟೆಯನ್ನು ಬಿಟ್ಟು ನನ್ನ ಮುಖ ನೋಡಿದಳು. ನಮಗಿಬ್ಬರಿಗೂ ಆ ಕೂಗು ಗೊತ್ತು. ಏನೋ ಹೊಸದು ತಯಾರಾಗಿದೆ ಎಂದರ್ಥ.

ನನ್ನ ಅಣ್ಣ ಬೂದೇಶ ಬೆಟಗೇರಿಯಲ್ಲಿ ಕಂಪ್ಯೂಟರ್ ಗೇಮಿನ ಅಂಗಡಿ ನಡೆಸುತ್ತಾನೆ. ಪಡಸಾಲೆಯ ಮೂಲೆಯಲ್ಲಿ ಅಂಗಡಿಯ ಒಂದು ಕಂಪ್ಯೂಟರು ಹೊಟ್ಟೆ ತೆರೆದುಕೊಂಡು ಕೂತಿತ್ತು. ಒಳಗೆ ಒಂದರ ಪಕ್ಕ ಒಂದು ಎರಡು ಗ್ರಾಫಿಕ್ಸ್ ಕಾರ್ಡುಗಳು. ಅಲ್ಲಿಂದ ಹೊರಟ ತಾಮ್ರದ ತಂತಿ ನಾಲ್ಕೂ ಗೋಡೆ ಸುತ್ತಿತ್ತು. ಜಂತಿಗೆ ಕಟ್ಟಿದ ಕ್ಯಾಮೆರಾ ಮತ್ತು ಮೈಕು ನಮ್ಮನ್ನೇ ನೋಡುತ್ತಿದ್ದವು.

"ಇಲ್ಲೀತನಕ ಗೇಮಿನ ಎಲ್ಲಾ ಕೆಲಸ ಒಂದ ಕಾರ್ಡು ಮಾಡ್ತಿತ್ತು" ಎಂದು ಅಣ್ಣ ಎದೆಯುಬ್ಬಿಸಿದ. "ಅವ್ವಾ, ರೊಟ್ಟಿ ಬಡಿಯಾಕಿನೂ ನೀನ, ಬೇಯಿಸಾಕಿನೂ ನೀನ ಅಂದ್ರ ಹೆಂಗಾಗ್ತೈತಿ?"

"ನಾ ಈ ಮನಿಗೆ ಬಂದಾಗಿಂದ ಹಂಗ ಆಗೈತಿ" ಎಂದಳು ಅವ್ವ.

"ಅದ ತಪ್ಪು! ಈಗ ನೋಡು, ಒಂದು ಕಾರ್ಡು ಚಿತ್ರ ತೆಗೀತೈತಿ. ಎರಡನೇದಕ್ಕ ಚಿತ್ರದ ಉಸಾಬರಿ ಇಲ್ಲ. ಗ್ವಾಡಿ ಒಡದ್ರ ಇಟ್ಟಂಗಿ ಎತ್ತ ಹಾರಬೇಕು, ನೀರು ಎಲ್ಲಿ ಸಿಡೀಬೇಕು, ಬಾವುಟ ಹೆಂಗ ಪಟಪಟ ಅನ್ನಬೇಕು, ಬರೇ ಇದ ಲೆಕ್ಕ! ಗೇಮಿಗೆ ಮಾಡೂ ಲೆಕ್ಕಾನ ಮನಿಗೆ ಯಾಕ ಮಾಡಬಾರದು? ಇನ್ನ ಮ್ಯಾಲೆ ಈ ಮನ್ಯಾಗ ಯಾವ್ದು ಹೆಂಗ ಬೀಳಬೇಕಂತ ಈ ಕಾರ್ಡು ಹೇಳ್ತೈತಿ. ನನ್ನ ಮಗಳು ತೊಟ್ಟಿಲದಿಂದ ಬಿದ್ರೂ ಹೂವು ಬಿದ್ದಂಗ ಬೀಳ್ತಾಳ!"

"ನನ್ನ ಕೂಸು ಯಾಕ ಬೀಳ್ತೈತಿ? ಇವತ್ತಾದ್ರೂ ಬಾಯಾಗ ಒಳ್ಳೆ ಮಾತು ಬರೂದಿಲ್ಲೇನು ನಿಮಗ?" ಎಂದು ವೈನಿ ಸಿಡುಕಿದಳು.

ಅಣ್ಣ ಕ್ಯಾಮೆರಾದ ಮುಂದೆ ಹಿತ್ತಾಳೆ ಚೊಂಬು ಹಿಡಿದು "ಚೊಂಬು!" ಎಂದು ಒದರಿದ. ಪೆಟ್ಟಿಗೆ ಗುರ್ ಎಂದಿತು. ಕೈಬಿಟ್ಟ. ಚೊಂಬು ಮೆಲ್ಲಗೆ ತೇಲುತ್ತಾ ಇಳಿದು, ನೆಲಕ್ಕೆ ತಾಗಿ, ಚೆಂಡಿನಂತೆ ಪುಟಿದು ನೆಟ್ಟಗೆ ನಿಂತಿತು! ಒಳಗಿನ ನೀರು ಒಂದು ಹನಿಯೂ ಚೆಲ್ಲಲಿಲ್ಲ. ವೈನಿಗೂ ಒಂದು ಗಳಿಗೆ ಸಿಟ್ಟು ಮರೆತುಹೋಯಿತು.

ಯಂತ್ರಕ್ಕೆ ಒಂದು ನಿಯಮವಿತ್ತು. ಪ್ರತಿಯೊಂದನ್ನೂ ಕ್ಯಾಮೆರಾಕ್ಕೆ ತೋರಿಸಿ ಜೋರಾಗಿ ಹೆಸರು ಹೇಳಬೇಕು. ಆಗ ಕಾರ್ಡು ಅದಕ್ಕೆ ತಕ್ಕ ತೂಕ ಕೊಡುತ್ತದೆ. ಅಣ್ಣ ಪಾತ್ರೆ, ಚಾಪೆ, ಹಾಸಿಗೆ, ದಿಂಬು, ಸೀರೆ, ಉಂಡಿ, ಅವ್ವ, ವೈನಿ ಎಲ್ಲರನ್ನೂ ಪರಿಚಯ ಮಾಡಿಸಿದ. "ದಾಕ್ಷಾಯಿಣಿ!" ಎಂದು ನನ್ನನ್ನು ಮುಂದೆ ತಳ್ಳಿದಾಗ ಪೆಟ್ಟಿಗೆ ಗುರುಗುಟ್ಟಿದ್ದು ನನಗೆ ಸ್ವಲ್ಪವೂ ಸರಿ ಬರಲಿಲ್ಲ. ಕೊನೆಗೆ ಕೂಸನ್ನು ಎತ್ತಿಕೊಂಡ.

"ಏ, ಇಳಸ್ ಅದನ್ನ!" ಎಂದು ಅವ್ವ ಕೈ ಅಡ್ಡ ಹಿಡಿದಳು. "ಹೆಸರಿಡೂಕಿಂತ ಮೊದಲ ಕೂಸಿನ್ನ ಹೆಸರು ಹಿಡದು ಕರೀತಾರೇನು?"

"ಆತು ಬಿಡು, ಹೆಸರಿಟ್ಟ ಮ್ಯಾಲೆ ಹೇಳಿದ್ರಾತು" ಎಂದ ಅಣ್ಣ. ಅಲ್ಲಿಗೆ ಮನೆಯೊಳಗೆ ಹೆಸರಿಲ್ಲದೆ ಉಳಿದದ್ದು ಕೂಸೊಂದೇ. ಗುಂಡುಕಲ್ಲು ಇನ್ನೂ ಹಿತ್ತಲ ಬಿಸಿಲಲ್ಲಿತ್ತು.

ಮಧ್ಯಾಹ್ನ ಓಣಿಯ ಹೆಂಗಸರು ಬಂದರು. ಅಪ್ಪನ ಅಕ್ಕ ಶಂಕ್ರಮ್ಮತ್ತಿ ಎಲ್ಲರಿಗಿಂತ ಮುಂದೆ ಬಂದು ಚಾಪೆಯ ಮೇಲೆ ಕೂತಳು. ಚಾಪೆ ಆಕೆಯನ್ನು ಹೊತ್ತುಕೊಂಡು ಸರ್ರನೆ ಜಾರಿ ಬಾಗಿಲ ಹೊರಗೆ ಹೋಗಿ ನಿಂತಿತು!

"ಯಾರವ್ವಾ ನೆಲಕ್ಕ ಎಣ್ಣಿ ಹಚ್ಚಿದಾಕಿ?"

"ಎಣ್ಣಿ ಅಲ್ಲತ್ತಿ, ಘರ್ಷಣೆ ಒಂಚೂರು ಕಡಿಮಿ ಐತಿ!" ಎಂದು ಅಣ್ಣ ಓಡಿ ಕೀಲಿಮಣೆ ಕುಟ್ಟಿದ.

ಘರ್ಷಣೆ ಸರಿಹೋಯಿತು. ಆದರೆ ಗಾಳಿಯೇ ಇಲ್ಲದೆ ಎಲ್ಲರ ಸೆರಗುಗಳೂ ಬಾವುಟದಂತೆ ಪಟಪಟ ಬಡಿದುಕೊಳ್ಳತೊಡಗಿದವು. ಒಬ್ಬಳ ಸೆರಗು ಇನ್ನೊಬ್ಬಳ ಮುಖಕ್ಕೆ! ಶೇಂಗಾ ಉಂಡಿ ತಟ್ಟೆಯಿಂದ ಒಂದು ಬಿದ್ದರೆ ಅದು ಪುಟಿಯುತ್ತಾ ಮೂರು ಕೋಣೆ ಸುತ್ತಿ ಬಂದು ಮತ್ತೆ ತಟ್ಟೆಗೇ ಸೇರಿತು. ಅದನ್ನು ನೋಡಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪೆಟ್ಟಿಗೆಯ ಗುರುಗುಟ್ಟುವಿಕೆ ಆಗಲೇ ಹಿಟ್ಟಿನ ಗಿರಣಿಯಷ್ಟಾಗಿತ್ತು.

ಜಂತಿಗೆ ಸರಪಳಿಯಿಂದ ತೊಟ್ಟಿಲು ತೂಗುಹಾಕಿದ್ದರು. ಅವ್ವ ಒಂದು ಕಡೆ, ಶಂಕ್ರಮ್ಮತ್ತಿ ಇನ್ನೊಂದು ಕಡೆ ನಿಂತರು.

"ಗುಂಡಪ್ಪ ಬಂದ, ತಗೋರಿ!"

"ಗುಂಡಪ್ಪನ್ನ ತಗೊಂಡೆ, ಕೂಸಿನ್ನ ಕೊಟ್ಟೆ!"

ಕಲ್ಲು ಮೇಲಿಂದ ಹೋದರೆ ಕೂಸು ಕೆಳಗಿಂದ ಬರುತ್ತಿತ್ತು. ಎರಡಕ್ಕೂ ಒಂದೇ ಬಣ್ಣದ ಕುಂಚಿಗೆ. ಮತ್ತೊಂದು ಸಲ ದಾಟಿಸಿದಾಗ ಅವ್ವ ಕಲ್ಲನ್ನು ಒಂದೇ ಕೈಯಲ್ಲಿ ಹಿಡಿದು ಹುಬ್ಬೇರಿಸಿದಳು. ಆ ಕಡೆ ಕೂಸು ಹಿಡಿದ ಶಂಕ್ರಮ್ಮತ್ತಿಯ ಮೊಣಕಾಲು ಬಾಗಿದವು.

"ಏನ್ ತಿನಸೀಯವ್ವಾ ನೀಲವ್ವಾ ಇದಕ್ಕ!" ಎಂದು ಏದುಸಿರು ಬಿಡುತ್ತಾ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು.

ಸರಪಳಿ ಕಿರ್ರ್ ಎಂದಿತು. ಜಂತಿಯಿಂದ ಮಣ್ಣು ಉದುರಿತು.

ವೈನಿ ಓಡಿ ಹೋಗಿ ಕೂಸಿನ ಬೆನ್ನಿನ ಕೆಳಗೆ ಕೈ ಹಾಕಿದಳು. ಎತ್ತಲಾಗಲಿಲ್ಲ. ಅವ್ವನೂ ಕೈಗೂಡಿಸಿದಳು. ಆಗಲಿಲ್ಲ. ಕೂಸು ಮಾತ್ರ ಆರಾಮಾಗಿ ಆಕಳಿಸಿ ಕಾಲು ಆಡಿಸಿತು.

"ಎಳೀಬ್ಯಾಡ್ರಿ!" ಎಂದು ಅಣ್ಣ ಪರದೆ ನೋಡಿ ಕಿರುಚಿದ. "ಕಾರ್ಡಿಗೆ ಗೊಂದಲ ಆಗೈತಿ! ಒಂದ ನಮೂನಿ ಎರಡು ಗಂಟು, ಒಂದಕ್ಕ ಹೆಸರೈತಿ, ಒಂದಕ್ಕಿಲ್ಲ. ಗುಂಡಪ್ಪ ಅಂದ್ಕೂಡ್ಲೆ ಅದು ಕೂಸಿನ ಹೆಸರಂತ ತಿಳದು ಕಲ್ಲಿಗೆ ಕೂಸಿನ ತೂಕ ಕೊಟ್ಟೈತಿ. ಹೆಸರಿಲ್ಲದ್ದು ಕಲ್ಲು ಅಂತ ತಿಳಕೊಂಡೈತಿ. ಕಲ್ಲು ಅಲುಗಾಡಬಾರದಲ್ಲ, ಎಳದಷ್ಟೂ ಭಾರ ಮಾಡಾಕತ್ತೈತಿ!"

"ಹಂಗಾರ ಬಂದ್ ಮಾಡ್ರಿ ಅದನ್ನ!" ವೈನಿಯ ದನಿ ಒಡೆದಿತ್ತು.

"ಈಗ ಬಂದ್ ಮಾಡಿದ್ರ ಯಾವ್ದು ಹೆಂಗೈತೋ ಹಂಗ ಉಳೀತೈತಿ! ಕೂಸು ಜಲ್ಮೆಲ್ಲ ಇಷ್ಟ ಭಾರ..."

ಅಣ್ಣ ಮಾತು ಮುಗಿಸಲಿಲ್ಲ. ಜಂತಿಯಲ್ಲಿ ಚಟ್ ಎಂಬ ಸದ್ದಾಯಿತು. ಅಲ್ಲೊಂದು ಬಿರುಕು ಮೂಡಿದ್ದನ್ನು ನಾನು ಮೊದಲು ನೋಡಿದೆ. ತೊಟ್ಟಿಲ ಕೆಳಗೆ ಹೆಂಗಸರು ಹಾಸಿಗೆ ತುರುಕಿದರು. ಹಾಸಿಗೆ ಪುಟಿದು ಕಿಟಕಿಗೆ ಹೋಗಿ ಬಡಿಯಿತು. ದಿಂಬು ತುರುಕಿದರು. ದಿಂಬುಗಳು ಗಾಳಿಯಲ್ಲಿ ತೇಲಿ ಮೂಲೆ ಸೇರಿದವು. ಎಲ್ಲವೂ ಹೂವಿನಂತೆ ಬೀಳುವ ಮನೆಯಲ್ಲಿ ಕಲ್ಲಿನಂತೆ ಬೀಳಲಿದ್ದುದು ಕೂಸು ಒಂದೇ!

"ಹೆಸರು!" ಎಂದ ಅಣ್ಣ. "ಹೆಸರು ಹೇಳಿದ್ರ ಕೂಸಂತ ಗೊತ್ತಾಗ್ತೈತಿ!" ಎಂದು ಮೈಕಿನ ಕಡೆ ಬಾಯಿ ತೆರೆದ.

ಶಂಕ್ರಮ್ಮತ್ತಿ ಅವನ ಬಾಯಿಗೆ ಅಂಗೈ ಒತ್ತಿದಳು. "ಸೋದರತ್ತಿ ಇರೂವಾಗ ಅಪ್ಪ ಹೆಸರಿಡ್ತಾನೇನು? ಶಾಸ್ತ್ರ ಕೆಡಸ್ತೀಯೇನು?"

"ಅತ್ತೀ, ಜಂತಿ ಮುರೀತೈತಿ!" ಎಂದು ಅಂಗೈ ಒಳಗಿಂದಲೇ ಅಣ್ಣ ಅರಚಿದ.

"ದಾಕ್ಷೀ, ಬಾರವ್ವಾ ಇಲ್ಲೆ!" ಎಂದು ಶಂಕ್ರಮ್ಮತ್ತಿ ಕರೆದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಕಣ್ಣು! ನಾನು ತೊಟ್ಟಿಲ ಬಳಿ ಹೋಗಿ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಕೂಸಿಗೆ ಕೇಳಿಸಿರಬೇಕು, ಕಣ್ಣು ಪಿಳಿಪಿಳಿ ಬಿಟ್ಟಿತು. ಪೆಟ್ಟಿಗೆಗೆ ಕೇಳಿಸಲಿಲ್ಲ.

"ಒದರವ್ವಾ! ಜೋರಲೆ ಒದರು!" ಎಂದು ಅಣ್ಣ ಕೂಗಿದ.

ಬಾಯಿ ತೆರೆದೆ. ಬರೀ ಗಾಳಿ ಬಂತು. ಮೇಲೆ ಮತ್ತೆ ಚಟ್ ಎಂದಿತು. ಒಂದು ಕಡೆಯ ಸರಪಳಿ ಜಾರಿ ತೊಟ್ಟಿಲು ವಾಲಿತು. ವೈನಿ ನೆಲಕ್ಕೆ ಕೂತು ತೊಟ್ಟಿಲ ಕೆಳಗೆ ತನ್ನ ಎರಡೂ ಕೈ ಚಾಚಿದಳು. ಅದು ಬಿದ್ದರೆ ಆ ಕೈಗಳ ಗತಿ ಏನಾಗುತ್ತಿತ್ತು ಎಂದು ಅವಳಿಗೂ ಗೊತ್ತಿತ್ತು. ಕೈ ಹಿಂದೆ ತೆಗೆಯಲಿಲ್ಲ.

"ಮಂದಾಕಿನೀ!"

ಅದು ನನ್ನ ದನಿ ಎಂದು ನನಗೆ ತಿಳಿಯಲೇ ಸ್ವಲ್ಪ ಹೊತ್ತು ಬೇಕಾಯಿತು. ಓಣಿಯ ಕೊನೆಯಲ್ಲಿ ಮಗ್ಗದಲ್ಲಿ ನೇಯುವವರು ಕೈ ನಿಲ್ಲಿಸಿ ಹೊರಗೆ ಬಂದರಂತೆ. ಪೆಟ್ಟಿಗೆ ಗುರ್ರ್ ಎಂದಿತು. ಸರಪಳಿಯ ಬಿಗುವು ಸಡಿಲಾಯಿತು. ವೈನಿ ಕೂಸನ್ನು ಬಾಚಿ ಎತ್ತಿಕೊಂಡ ರಭಸಕ್ಕೆ ಹಿಂದಕ್ಕೆ ಬಿದ್ದಳು. ಮೆಲ್ಲಗೆ, ಹೂವಿನಂತೆ. ಬಿದ್ದಲ್ಲೇ ಕೂಸಿಗೆ ಮುತ್ತಿಟ್ಟು ಅಳತೊಡಗಿದಳು. ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ ಶಂಕ್ರಮ್ಮತ್ತಿಗೆ ಶಾಸ್ತ್ರ ನೆನಪಾಯಿತು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವ ಪದ್ಧತಿ ನಮ್ಮದು.

"ಗುದ್ದರ್ರೆವ್ವಾ ಆಕಿಗೆ!"

"ಬ್ಯಾಡ! ಕಾರ್ಡು ಇನ್ನೂ ಚಾಲೂ ಐ..." ಎಂದ ಅಣ್ಣ.

ಗುದ್ದಿದರು. ಪ್ರೀತಿಯಿಂದಲೇ, ಎಲ್ಲರೂ ಒಟ್ಟಿಗೆ. ನನ್ನ ಪಾದ ನೆಲ ಬಿಟ್ಟಿತು. ತೊಟ್ಟಿಲು ಕೆಳಗೆ ಹೋಯಿತು, ಹೆಂಗಸರ ನಡುಬೈತಲೆಗಳು ಕೆಳಗೆ ಹೋದವು. ನನ್ನ ಬೆನ್ನು ಜಂತಿಗೆ ಮೆತ್ತಗೆ ತಾಗಿತು. ಅದೇ ಹೊತ್ತಿಗೆ ಮೂಲೆಯಲ್ಲಿ ಟಪ್ ಎಂದು ನೀಲಿ ಬೆಂಕಿ ಕಾಣಿಸಿ, ಎರಡನೇ ಕಾರ್ಡು ಸುಟ್ಟುಹೋಯಿತು.

ಲೆಕ್ಕ ನಿಂತು ಸೆರಗುಗಳ ಪಟಪಟವೂ ನಿಂತಿತು. ತೇಲುತ್ತಿದ್ದ ದಿಂಬುಗಳು ತೇಲುತ್ತಲೇ ಉಳಿದವು. ಗುಂಡಪ್ಪ ಕೂಸಿನಷ್ಟೇ ಹಗುರಾಗಿ ಉಳಿದ. ಅವನಿಂದ ಚಟ್ನಿ ಅರೆಯುವುದು ಇನ್ನು ಆಗದ ಮಾತು. ಕಾರ್ಡು ನನ್ನನ್ನು ಹಾರಿಸುವ ಲೆಕ್ಕ ಪೂರ್ತಿ ಮುಗಿಸಿತ್ತು. ಇಳಿಸುವ ಲೆಕ್ಕ ಇನ್ನೂ ಶುರು ಮಾಡಿರಲಿಲ್ಲ.

ಕೆಳಗೆ ಮಂದಾಕಿನಿಯನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಎತ್ತಿ ಎತ್ತಿ ತೂಕ ನೋಡುತ್ತಿದ್ದರು. ಅವ್ವ ಹುಗ್ಗಿಗೆ ತುಪ್ಪ ಬಡಿಸುತ್ತಿದ್ದಳು. ಅಣ್ಣ ಸುಟ್ಟ ಕಾರ್ಡು ಹಿಡಿದು, ಮೂರನೆಯದೊಂದು ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಶಂಕ್ರಮ್ಮತ್ತಿಗೆ ವಿವರಿಸುತ್ತಿದ್ದ. ಜಂತಿಗೆ ಅಂಟಿಕೊಂಡಿದ್ದ ನನ್ನ ದನಿ ಮತ್ತೆ ಮೊದಲಿನಂತೆ ಸಣ್ಣಗಾಗಿತ್ತು.

"ಅಣ್ಣಾ, ಒಂದು ನಿಚ್ಚಣಿಕಿ ತರ್ತೀಯೇನು?" ಎಂದೆ.