ಜಮಖಾನದ ಅಂಚಿಗೆ ಬಿಟ್ಟ ಬೂಟು

ದಿನವಿಡೀ ಮಗ್ಗದ ಮುಂದೆ ಕೂತು ಜಮಖಾನ ನೇಯುವವಳಿಗೆ ನಡಿಗೆಯಿಂದ ಫಜೀತಿ ಬರಬಾರದು. ನನಗೆ ಬರುತ್ತಲೇ ಇರುತ್ತದೆ.

೧. ನಾಲ್ಕು ಬೆರಳು

ಹುಬ್ಬಳ್ಳಿಯಲ್ಲೊಂದು ಕೈಮಗ್ಗದ ಪ್ರದರ್ಶನ. ನಡೆಸುವ ಮೇಡಂ ನವಲಗುಂದದ ನಮ್ಮ ಮನೆಗೇ ಬಂದು, "ಈ ಸಲ ನೇಯ್ದವರೂ ಮಾಡೆಲ್‌ಗಳ ಜೊತೆ ವೇದಿಕೆ ಮೇಲೆ ನಡೀಬೇಕು" ಎಂದು ಎತ್ತರ ಹಿಮ್ಮಡಿಯ ಬೂಟು ಕೊಟ್ಟು ಹೋದರು. ಹದಿನೆಂಟು ವರ್ಷದಿಂದ ನೇಯುತ್ತಿದ್ದೇನೆ. ಇದನ್ನು ನೇಯ್ದವಳು ಇವಳು ಎಂದು ಯಾರೂ ಯಾರಿಗೂ ತೋರಿಸಿದ್ದಿಲ್ಲ. ಬಹಳ ಆಸೆಯಾಯಿತು. ಅಷ್ಟು ಜನರೆದುರು ಬಿದ್ದರೆ ಎಂದು ಅಷ್ಟೇ ಹೆದರಿಕೆಯೂ ಆಯಿತು.

ಗಂಡ ನನಗಿಂತ ಎರಡು ಬೆರಳು ಎತ್ತರ. ಬೂಟಿನ ಹಿಮ್ಮಡಿ ನಾಲ್ಕು ಬೆರಳು. ಹಾಕಿಕೊಂಡು ಎದ್ದು ನಿಂತೆ. ಅವರು ತಲೆ ಎತ್ತಿ ನನ್ನನ್ನು ನೋಡಿ, "ಕಲಿ, ಬ್ಯಾಡ ಅನ್ನೂದಿಲ್ಲ. ನನ್ನ ಬಾಜೂಕ ಮಾತ್ರ ಕುಂತ ಕಲಿ" ಎಂದರು.

೨. ಎರೆಹೊಲದ ದಾರಿ

ಜನ ನೋಡಬಾರದೆಂದು ಊರ ಹೊರಗಿನ ಹೊಲದ ದಾರಿ ಹಿಡಿದೆ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಕರಿಮಣ್ಣಿನ ಗುಣ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಹತ್ತು ಹೆಜ್ಜೆ ಹೇಗೋ ಹಾಕಿದೆ. ಹನ್ನೊಂದನೆಯದಕ್ಕೆ ಕಾಲು ಬಂತು, ಬೂಟು ಬರಲಿಲ್ಲ.

ಬದುವಿನ ಮೇಲೆ ಕೂತಿದ್ದ ಹೊಲದ ಕಾಕಾ ಬಂದು ಬೂಟು ಕಿತ್ತು ಕೊಟ್ಟರು. ನನ್ನ ಹಿಂದೆ ಸಾಲಾಗಿ ಬಿದ್ದಿದ್ದ ತೂತುಗಳನ್ನು ಬಗ್ಗಿ ನೋಡಿದರು.

"ಅಗದಿ ಅಳತಿ ಹಿಡದಂಗ ಬಿದ್ದಾವ, ತಂಗಿ. ನಾಳೆ ಬರೂ ಮುಂದ ಉಡ್ಯಾಗ ಒಂದಿಷ್ಟು ಹತ್ತಿಬೀಜ ಹಾಕ್ಕೊಂಡು ಬಾ."

೩. ಅತ್ತೆಯ ಕೊಡ

ನೇಯಲು ಕಲಿಸಿದವರೂ ಅತ್ತೆಯೇ, ನಡೆಯಲು ಕಲಿಸಿದವರೂ ಅವರೇ. ನಾನು ಗೋಡೆ ಹಿಡಿದು ಹೋಗುವುದನ್ನು ನೋಡಿ ನೋಡಿ ಬೇಸತ್ತು, "ನೆಲಾ ನೋಡಿದ್ರ ಬೀಳ್ತಿ ಬೇ. ತಲಿ ಮ್ಯಾಗ ಕೊಡ ಇಟ್ಕೊ" ಎಂದರು. ತುಂಬಿದ ಕೊಡ ಹೊತ್ತು ನಡೆದೆ, ಹನಿ ನೀರು ಚೆಲ್ಲಲಿಲ್ಲ. ವಾರದಲ್ಲಿ ಕೊಡವಿಲ್ಲದೆಯೂ ನಡಿಗೆ ಬಂತು. ಬಲಗೈ ಮಾತ್ರ ಕೊಡ ಹಿಡಿಯಲು ತಾನಾಗಿಯೇ ತಲೆಯ ಹತ್ತಿರ ಏಳುತ್ತಿತ್ತು.

ಎದುರು ಮನೆಯ ಚಾಚಾ ಮೂರು ದಿನ ತಾವೂ ಕೈ ಎತ್ತಿ ಸಲಾಮು ಮಾಡಿದರು. ನಾಲ್ಕನೆಯ ದಿನ ಅತ್ತೆಯನ್ನು ಕರೆದು, "ಸೊಸಿಗೆ ಮರ್ಯಾದಿ ಭಾಳ ಐತ್ರಿ. ಆದ್ರ ದಿನಕ್ಕ ಒಂದ ಸಲಾಮು ಸಾಕು ಅಂತ ಹೇಳ್ರಿ" ಎಂದರು.

೪. ವೇದಿಕೆ

ನನ್ನದೇ ಮೊದಲ ಸರದಿ. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಎಂಟು ಹೆಜ್ಜೆ ಚೆಂದ ನಡೆದೆ, ಕೈ ಕೂಡ ಕೆಳಗೇ ಇತ್ತು. ಆಮೇಲೆ ನೆಲ ನೋಡಿದೆ. ಮುಂದೆ ಹಾಸಿದ್ದು ನನ್ನದೇ ಜಮಖಾನ, ಅತ್ತೆಯ ಪಕ್ಕ ಎರಡು ತಿಂಗಳು ಕೂತು ನೇಯ್ಗೆಯಲ್ಲೇ ನವಿಲಿನ ಚಿತ್ರ ತೆಗೆದದ್ದು. ಅದರ ಮೇಲೆ ಕೂತು ಉಣ್ಣುತ್ತೇವೆ, ಬೀಗರನ್ನು ಕೂರಿಸುತ್ತೇವೆ. ಬೂಟುಗಾಲಲ್ಲಿ ತುಳಿಯುವುದು ಹೇಗೆ?

ಅಲ್ಲೇ ಕೂತು ಎರಡೂ ಬೂಟು ಬಿಚ್ಚಿ ಅಂಚಿಗೆ ಜೋಡಿಸಿಟ್ಟು ಬರಿಗಾಲಲ್ಲಿ ನಡೆದೆ. ಪರದೆಯ ಸಂದಿಯಲ್ಲಿ ಮೇಡಂ ತಲೆ ಹಿಡಿದುಕೊಂಡಿದ್ದರು. ಹಿಂದೆ ಬಂದ ಮಾಡೆಲ್‌ಗಳು ನನ್ನ ಬೂಟು ನೋಡಿ, ಹೀಗೇ ಇರಬೇಕೆಂದು ತಾವೂ ಬಿಚ್ಚಿಟ್ಟರು. ಕೊನೆಗೆ ನಮಗೆ ಶಾಲು ಹೊದಿಸಲು ಬಂದ ಮುಖ್ಯ ಅತಿಥಿಗಳು ಆ ಸಾಲು ನೋಡಿ ನಿಂತರು. ಬೇರೆ ದಾರಿಯಿರಲಿಲ್ಲ, ಬಗ್ಗಿ ಲೇಸು ಬಿಚ್ಚಿದರು. ಸಾಕ್ಸಿನ ತೂತಿನಿಂದ ಹೆಬ್ಬೆರಳು ಪೂರ್ತಿ ಹೊರಗಿತ್ತು.

ಅವರು ಅದನ್ನು ಇನ್ನೊಂದು ಪಾದದಡಿ ಮುಚ್ಚಿಕೊಂಡರು. ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತು, ನನ್ನ ಕಡೆ ಕೈ ತೋರಿಸಿ, ಇಡೀ ಸಭೆಗೆ ಕೇಳುವಂತೆ ಹೇಳಿದರು:

"ನಾಚ್ಕೋಬ್ಯಾಡ್ರಿ ಸಾಹೇಬ್ರ. ಈ ಜಮಖಾನ ನೇಯ್ದಾಕಿ ನನ್ನ ಸೊಸಿ, ಅಲ್ಲೇ ನಿಂತಾಳ ನೋಡ್ರಿ. ಸಾಕ್ಸ್ ಇಲ್ಲೇ ಬಿಟ್ಟು ಹೋಗ್ರಿ, ಅದಕ್ಕೂ ಒಂದು ನವಿಲು ತಗದು ಕೊಡ್ತಾಳ."